ಪೌಟ್ ಮೀನಿನ ಬೇಲಿ

ನಮ್ಮ ಉತ್ತರ ಮಿನ್ನೆಸೋಟಾದ ಕೆರೆಗಳಲ್ಲಿ ಮೀನುಗಳಿಗೂ ಮೇಲು ಕೀಳು ಉಂಟು. ವಾಲೈ ಎಂಬ ಮೇಲುಜಾತಿಯ ಮೀನು ಸಿಕ್ಕಿದವನು ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಎಲ್ಲರ ಗುಡಿಸಲಿನ ಮುಂದೆ ಒಂದು ಸುತ್ತು ಹಾಕಿ ಬರುತ್ತಾನೆ. ಪೌಟ್ ಸಿಕ್ಕಿದವನು ಸುಮ್ಮನೆ ಕೆಮ್ಮುತ್ತಾನೆ. ಪೌಟ್ ನೋಡಲು ಅರ್ಧ ಹಾವು, ಅರ್ಧ ಕಪ್ಪೆ. ಮೈಯೆಲ್ಲ ಲೋಳೆ, ಗದ್ದದ ಕೆಳಗೆ ಒಂಟಿ ಮೀಸೆ. ಮೇಲೆಳೆದರೆ ಬಹಳ ದಿನದ ಮೇಲೆ ಕಂಡ ನೆಂಟನ ಹಾಗೆ ಮುಂಗೈಗೆ ಬಾಲ ಸುತ್ತಿಕೊಳ್ಳುತ್ತದೆ.

ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟಿದ ಮೇಲೆ ನಮ್ಮ ಗಂಡಸರು ಹಲಗೆಯ ಗುಡಿಸಲುಗಳನ್ನು ಅದರ ಮೇಲಕ್ಕೆ ಎಳೆದು ನಿಲ್ಲಿಸಿ, ಬೈರಿಗೆಯಿಂದ ತೂತು ಕೊರೆದು ಗಾಳ ಬಿಟ್ಟು ಕೂರುತ್ತಾರೆ. ಪೌಟ್ ಬಂದರೆ ಒಂದು ಬೈಗುಳ ಬೈದು, ಬಾಲ ಕೆಳಗಾಗಿ ಹೊರಗಿನ ಹಿಮದಲ್ಲಿ ನೆಟ್ಟುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಮರಗಟ್ಟಿ ಗೂಟವಾಗುತ್ತದೆ. ಫೆಬ್ರವರಿಯ ಹೊತ್ತಿಗೆ ಪ್ರತಿ ಗುಡಿಸಲಿಗೂ ಒಂದು ಪೌಟ್ ಬೇಲಿ. ಚರ್ಚಿನ ಹಾಡಿನ ತಂಡದ ಹಾಗೆ ಬಾಯಿ ತೆರೆದುಕೊಂಡು ಸಾಲಾಗಿ ನಿಂತಿರುತ್ತವೆ.

ನನ್ನ ಪಕ್ಕದ ಮನೆಯ ಐಲಿಯ ಗಂಡ ಉರ್ಹೊ ತೀರಿಕೊಂಡದ್ದು ಎಲೆ ಉದುರುವ ಕಾಲದಲ್ಲಿ. ಫೆಬ್ರವರಿಯ ಕೊನೆಯ ಶುಕ್ರವಾರ ಚರ್ಚಿನಲ್ಲಿ ನಡೆಯುವ ಮೀನೂಟವನ್ನು ಶುರು ಮಾಡಿದವನು ಅವನೇ. ಮೀನು ಹಿಡಿದು ತರುತ್ತಿದ್ದವನೂ ಅವನೇ, ಬಾಗಿಲ ಮೇಲಿನ ಹಲಗೆಗೆ ‘ಉರ್ಹೊನ ವಾಲೈ ಊಟ’ ಎಂದು ಬಣ್ಣದಲ್ಲಿ ಬರೆದವನೂ ಅವನೇ. ಅಕ್ಷರಗಳು ಅವನ ಟೋಪಿಯಂತೆ ಒಂದು ಕಡೆಗೆ ವಾಲಿವೆ. ಆ ಹಲಗೆ ಈ ವರ್ಷವೂ ಬಾಗಿಲ ಮೇಲೆ ಏರಬೇಕು ಎಂಬುದೊಂದೇ ಐಲಿಯ ಆಸೆ.

ಅಡ್ಡ ಬಂದವನು ಹಾರ್ಲನ್. ಚರ್ಚಿನ ಸಮಿತಿಗೆ ಅವನೇ ಹಿರಿಯ, ಕೆರೆಯ ಮೇಲೆ ಅವನದೇ ದೊಡ್ಡ ಗುಡಿಸಲು. ಪೌಟ್ ಎಂದರೆ ಪಕ್ಕಕ್ಕೆ ತಿರುಗಿ ಉಗುಳುವ ಮನುಷ್ಯ.

“ನೋಡು ಐಲಿ,” ಎಂದ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ. “ನಿನ್ನ ದುಃಖ ನಮಗೂ ಗೊತ್ತು. ಆದ್ರೆ ಮೀನೂಟ ಅಂದ್ಮೇಲೆ ಮೀನು ಬೇಕಲ್ಲ? ಉರ್ಹೊನೇ ಇಲ್ಲ. ಈ ಸಲ ನಮ್ಮ ವರ್ನಾ ಕೈಮಾ ಉಂಡೆ ಮಾಡ್ತಾಳೆ, ಬಿಡು.”

“ನನ್ನ ಯಾಕೆ ಎಳೀತೀಯ ಮಧ್ಯಕ್ಕೆ?” ಎಂದಳು ಅವನ ಹೆಂಡತಿ ವರ್ನಾ. “ಮಾಡೋಕೆ ಮನೇಲಿ ಬೆಣ್ಣೆ ಎಲ್ಲಿ ಉಳಿದಿದೆ? ಕೆರೆಗೆ ಹೋದಾಗೆಲ್ಲ ಒಂದು ಗಟ್ಟಿ ಹೊತ್ಕೊಂಡು ಹೋಗ್ತಾನೆ. ಬ್ರೆಡ್ಡಿಗಂತೆ! ಬ್ರೆಡ್ಡು ಹಾಗೇ ವಾಪಸ್ ಬರುತ್ತೆ, ಬೆಣ್ಣೆ ಬರಲ್ಲ.”

“ಚಳೀಲಿ ಮೈಗೆ ಜಿಡ್ಡು ಬೇಕು ಕಣೇ,” ಎಂದ ಹಾರ್ಲನ್.

ಐಲಿ ಲೋಟ ಕೆಳಗಿಟ್ಟಳು. “ಮೀನು ನಾನು ತರ್ತೀನಿ.”

“ನೀನಾ?” ಅವನು ನಕ್ಕ. “ತಂದ್ರೆ ನಾನೇ ಏಣಿ ಹತ್ತಿ ಹಲಗೆ ಕಟ್ತೀನಿ. ತರದಿದ್ರೆ ಅದು ನಿಮ್ಮನೆ ಅಟ್ಟಕ್ಕೆ. ಆಮೇಲೆ ಅಳಬಾರದು.”

ಉರ್ಹೊನ ಗುಡಿಸಲಿನಲ್ಲಿ ಐಲಿಯೂ ನಾನೂ ದಿನಾ ಹೋಗಿ ಕೂತೆವು. ಒಂದು ವಾಲೈ ಕೂಡ ಬರಲಿಲ್ಲ. ಬಂದದ್ದೆಲ್ಲ ಪೌಟ್.

“ಮೇಲಿರೋದು ಉರ್ಹೊ ಅಲ್ಲ ಅಂತ ವಾಲೈಗಳಿಗೆ ಗೊತ್ತಾಗಿದೆ ಕಣೇ,” ಎಂದಳು ಐಲಿ. ಮುಂಗೈಗೆ ಸುತ್ತಿಕೊಂಡಿದ್ದ ಪೌಟನ್ನು ಬಿಡಿಸಿಕೊಳ್ಳದೆ ಸ್ವಲ್ಪ ಹೊತ್ತು ನೋಡಿದಳು. “ನಮ್ಮಮ್ಮ ಇದಕ್ಕೆ ಹಾಲು, ಆಲೂಗಡ್ಡೆ ಹಾಕಿ ಸಾರು ಮಾಡ್ತಿದ್ಲು.”

“ನಮ್ಮಮ್ಮನೂ,” ಎಂದೆ. ಎಂದ ಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದೆ. ಅದು ನಮ್ಮ ಬಡತನದ ಕಾಲದ ಊಟ. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಊರಿನಲ್ಲಿ ಯಾರೂ ಅದರ ಹೆಸರೆತ್ತಿದವರಲ್ಲ.

“ಮಾಡೋಣ,” ಎಂದಳು ಐಲಿ.

“ಏನನ್ನ?”

“ಇದನ್ನೇ. ಚರ್ಮ ಸುಲಿದು ಹಿಟ್ಟಲ್ಲಿ ಹೊರಳಿಸಿ ಕರಿದ್ರೆ ಬೆಳ್ಳಗೇ ಇರುತ್ತೆ.”

ನಾವು ಹಿಡಿದದ್ದು ಇಡೀ ಚರ್ಚಿಗೆ ಸಾಲದು. ಶನಿವಾರ ಸಂಜೆ ಗಂಡಸರೆಲ್ಲ ಮೈಕಾಯಿಸಿಕೊಳ್ಳಲು ಮನೆಯ ಹಬೆಕೋಣೆ ಸೇರಿದ್ದರು. ಹೊತ್ತು ಮುಳುಗುವ ಮುಂಚೆ ನಾವು ಹಿಮದ ಮೇಲೆ ಜಾರುವ ಬಂಡಿ ಎಳೆದುಕೊಂಡು ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಬೇಲಿ ಕಿತ್ತೆವು. ಮೂಲಂಗಿ ಕಿತ್ತಷ್ಟೇ ಸುಲಭ. ಪಕ್ಕದ ಗುಡಿಸಲಿನ ಟೌನೊನ ಬೇಲಿಯಂತೂ ಎಷ್ಟು ಒತ್ತಾಗಿತ್ತೆಂದರೆ ಒಂದು ಸಾಲು ಬಿಟ್ಟು ಒಂದು ಸಾಲು ತೆಗೆದರೂ ಬಂಡಿ ತುಂಬಿತು.

ಹಾರ್ಲನ್‌ನ ಗುಡಿಸಲಿಗೆ ಮಾತ್ರ ಬೇಲಿಯೇ ಇರಲಿಲ್ಲ. ಹಿಂಬದಿಗೆ ಹೋಗಿ ನೋಡಿದರೆ ಹಿಮದ ಗುಡ್ಡೆಯ ಕೆಳಗೆ ಪೌಟ್ ತಲೆಗಳು, ಪೌಟ್ ಚರ್ಮ. ನಡುವಿನ ಮೈ ಎಲ್ಲೂ ಇಲ್ಲ. ಕಿಟಕಿಯಲ್ಲಿ ಇಣುಕಿದೆವು. ಒಲೆಯ ಮೇಲೆ ಒಂದು ಪಾತ್ರೆ, ಅದರ ಅಂಚಿನಲ್ಲಿ ಹಳದಿ ಜಿಡ್ಡು. ಬ್ರೆಡ್ಡು ಯಾಕೆ ವಾಪಸ್ ಬರುತ್ತದೆ ಎಂಬುದು ಆಗ ತಿಳಿಯಿತು. ಐಲಿ ಹಿಮದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉರ್ಹೊ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬೇಲಿ ಮಾಯವಾದದ್ದು ಊರಿನಲ್ಲಿ ದೊಡ್ಡ ಸುದ್ದಿಯಾಯಿತು. ಕೆಲವರು ನರಿ ಎಂದರು. ಟೌನೊ ಮಾತ್ರ, “ನರಿ ಅಲ್ಲ, ಪಕ್ಕದ ರಾಜ್ಯದ ವಿಸ್ಕಾನ್ಸಿನ್ನೋರು. ಆ ಕಡೆಯೋರು ಏನ್ ಕಂಡ್ರೂ ತಿಂತಾರೆ,” ಎಂದ.

ನಾವು ಇಕ್ಕಳ ಹಿಡಿದು ಐಲಿಯ ಅಡುಗೆಮನೆಯಲ್ಲಿ ಕೂತಿದ್ದೆವು. ಕುತ್ತಿಗೆಯ ಸುತ್ತ ಕೊಯ್ದು ಎಳೆದರೆ ಒದ್ದೆ ಕಾಲುಚೀಲದಂತೆ ಚರ್ಮ ಕಳಚಿ ಬರುತ್ತಿತ್ತು.

ಶುಕ್ರವಾರ ಹಾರ್ಲನ್ ಚರ್ಚಿನ ಅಡುಗೆಮನೆಗೆ ಬಂದು ತಟ್ಟೆಯ ಮೇಲಿನ ಬಿಳಿ ತುಂಡುಗಳನ್ನು ನೋಡಿದ. ಮುಖ ಇಳಿಯಿತು.

“ಎಲ್ಲಿ ಹಿಡಿದೆ ಇಷ್ಟನ್ನ?”

“ಉರ್ಹೊನ ಗುಡಿಸಲಲ್ಲಿ,” ಎಂದಳು ಐಲಿ. “ಅಕ್ಕಪಕ್ಕದೋರೂ ಕೈ ಜೋಡಿಸಿದ್ರು.”

ಮಾತು ಕೊಟ್ಟಾಗಿತ್ತು. ಅವನು ಗೊಣಗುತ್ತ ಏಣಿ ಹತ್ತಿ ಹಲಗೆ ಕಟ್ಟಿದ. ಹೊರಗೆ ನಿಂತು ಅದನ್ನು ನೋಡಿದ ಐಲಿ ಒಳಗೆ ಬಂದವಳೇ ನನ್ನ ಕೈ ಗಟ್ಟಿಯಾಗಿ ಹಿಡಿದಳು. “ಗೊತ್ತಾದ್ರೆ ಇವತ್ತೇ ಕಿತ್ತು ಬಿಸಾಕ್ತಾನೆ ಕಣೇ.”

ಜನ ತುಂಬಿದರು. ಪ್ರಾರ್ಥನೆಯಾಯಿತು. ತಟ್ಟೆಗಳು ಹೋದವು. ನಾವಿಬ್ಬರೂ ಬಡಿಸುವ ಕಿಂಡಿಯಲ್ಲಿ ತಲೆಯಿಟ್ಟು ನೋಡುತ್ತಿದ್ದೆವು.

ಮೊದಲ ತುತ್ತಿಗೆ ಟೌನೊ ಅಗಿಯುವುದನ್ನು ನಿಲ್ಲಿಸಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ನಿಧಾನವಾಗಿ ಅಗಿದ. ಅಂಚೆಯವನು ಕಣ್ಣು ಮುಚ್ಚಿಕೊಂಡ. ಬಾಯಲ್ಲಿರುವುದು ಯಾವ ಮೀನೆಂದು ಎಲ್ಲರಿಗೂ ಗೊತ್ತಾಗಿತ್ತು, ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಬಿಡುವುದು ಹೇಗೆ? ಇದು ಪೌಟ್ ಎನ್ನಬೇಕಾದರೆ ಪೌಟಿನ ರುಚಿ ಗೊತ್ತಿರಬೇಕಲ್ಲ! ಎಲ್ಲರೂ ತಲೆ ತಗ್ಗಿಸಿ ತಿಂದರು, ಎರಡನೆಯ ಸಲ ಬಡಿಸಿಕೊಂಡರು, ಮೂರನೆಯ ಸಲ ತಟ್ಟೆ ಮಾತ್ರ ಮುಂದೆ ತಳ್ಳಿದರು.

ಪಟ್ಟಣದಿಂದ ಹೊಸದಾಗಿ ಬಂದ ಪಾಸ್ಟರು ಪಾಪ, “ವಾಲೈ ಇಷ್ಟು ರುಚಿ ಅಂತ ನಂಗೆ ಗೊತ್ತೇ ಇರ್ಲಿಲ್ಲ!” ಎಂದರು.

ಹಾರ್ಲನ್‌ಗೆ ಅದನ್ನು ಸಹಿಸಲಾಗಲಿಲ್ಲ. ತಟ್ಟನೆ ಎದ್ದು ನಿಂತ. “ಪಾಸ್ಟರೇ, ಇದು ವಾಲೈ ಅಲ್ಲ!”

ಐಲಿ ಕಿಂಡಿಯಿಂದ ತಲೆ ಹಿಂದಕ್ಕೆಳೆದುಕೊಂಡಳು.

ಊರಿಗೆಲ್ಲ ಹಿರಿಯಳಾದ ಹಿಲ್ಮಜ್ಜಿ ಮೂಲೆಯಿಂದ ಕೇಳಿದಳು, “ಹಂಗಾದ್ರೆ ಏನು ಮಗನೇ?”

“ಇದು... ಇದು...”

“ಹೇಳೋ. ತಿಂದಿರೋನ ಥರಾ ನಿಂತಿದ್ದೀಯ.”

ಹಾರ್ಲನ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವನನ್ನು ಪೌಟ್ ಬೇಲಿಯಲ್ಲಿ ನಿಲ್ಲಿಸಿದ್ದರೆ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ವರ್ನಾ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ತಟ್ಟೆಯ ಮೀನನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು.

“ಬೆಣ್ಣೆ!” ಎಂದಳು.

ಅವನ ಕಿವಿ ಕೆಂಪಾದದ್ದು ಕಿಂಡಿಯವರೆಗೂ ಕಾಣಿಸಿತು. “ಉಪ್ಪುನೀರಲ್ಲಿ ಬೇಯಿಸಿ ಬೆಣ್ಣೇಲಿ ಅದ್ದಿದ್ರೆ...” ಎಂದು ಸಣ್ಣಗೆ ಹೇಳಿ ಕೂತುಬಿಟ್ಟ.

“ಹಾಳು ಮಾಡ್ದೆ,” ಎಂದಳು ಹಿಲ್ಮಜ್ಜಿ. “ಪೌಟಿಗೆ ಹಾಲಿನ ಸಾರೇ ಸರಿ. ಅದರಲ್ಲೇ ಬೆಳೆದೋರು ನಾವು. ಏ ಟೌನೊ, ನೆಲ ಏನ್ ನೋಡ್ತೀಯ? ನಮ್ಮನೇಲಿ ಬಟ್ಟಲು ನೆಕ್ಕಿದ್ದು ಮರೆತ್ಯಾ?”

“ಅಜ್ಜಿ, ಕರಿಮೆಣಸು ಜಾಸ್ತಿ ಇರ್ತಿತ್ತು,” ಎಂದ ಟೌನೊ. ಆಮೇಲೆ ತಡೆಯುವವರೇ ಇರಲಿಲ್ಲ. ಅವರವರ ಅಮ್ಮ ಏನು ಹಾಕುತ್ತಿದ್ದಳು, ಈರುಳ್ಳಿ ಬೇಕೋ ಬೇಡವೋ ಎಂದು ಜಗಳವೇ ಶುರುವಾಯಿತು.

ಆ ಗದ್ದಲದ ನಡುವೆ ಹಾರ್ಲನ್ ಎದ್ದು ಏಣಿ ಎತ್ತಿಕೊಂಡ. ಐಲಿ ಸೌಟು ಬಿಟ್ಟು ಓಡಿದಳು, ಹಿಂದೆ ನಾನು. ಅವನು ಆಗಲೇ ಹಲಗೆ ಬಿಚ್ಚಿ ಕೆಳಗಿಳಿಸಿದ್ದ.

“ಹಾರ್ಲನ್, ನೀನು ಕೇಳಿದ್ದು ಮೀನು,” ಎಂದಳು ಐಲಿ. “ಮೀನು ತಂದಿದ್ದೀನಿ.”

“ನಾನೆಲ್ಲಿ ಇಲ್ಲ ಅಂದೆ?” ಅವನು ಜೇಬಿನಿಂದ ಚಾಕು ತೆಗೆದು ‘ವಾಲೈ’ ಎಂಬ ಒಂದು ಮಾತನ್ನು ಮಾತ್ರ ಕೆರೆದು ಹಾಕಿದ. “ಚರ್ಚಿನ ಬಾಗಿಲ ಮೇಲೆ ಸುಳ್ಳು ಇರಬಾರದು. ಹಿಡ್ಕೋ ಏಣಿ.” ‘ಉರ್ಹೊನ ಊಟ’ ಮತ್ತೆ ಮೇಲೇರಿತು, ವಾಲಿಕೊಂಡೇ.

ಮುಂದಿನ ಚಳಿಗಾಲ ಕೆರೆಯ ಮೇಲೆ ಒಂದು ಬೇಲಿಯೂ ಕಾಣಲಿಲ್ಲ. ಉರ್ಹೊನ ಊಟಕ್ಕೆ ಪೌಟ್ ಕೇಳಿಕೊಂಡು ನಾನೂ ಐಲಿಯೂ ಬಂಡಿ ಎಳೆದುಕೊಂಡು ಗುಡಿಸಲು ಗುಡಿಸಲು ಸುತ್ತಿದೆವು. ಹಾರ್ಲನ್‌ನ ಗುಡಿಸಲಿನಿಂದ ಬೆಣ್ಣೆಯ ಘಮ ಬರುತ್ತಿತ್ತು, ಒಳಗೆ ವರ್ನಾಳ ನಗು ಕೇಳಿಸುತ್ತಿತ್ತು. ಬಾಗಿಲು ತಟ್ಟಿದೆವು. ಅವನು ಒಂದು ಬೆರಳಷ್ಟು ತೆರೆದು, ಬಾಯಿ ಒರೆಸಿಕೊಂಡು, ಬಹಳ ಬೇಸರದ ಮುಖ ಮಾಡಿ ಹೇಳಿದ:

“ಏನೂ ಸಿಕ್ಕಿಲ್ಲ ಐಲಿ. ಬರೀ ವಾಲೈ.”