ಗೆರೆ ಸರಿದ ಮೇಲೆ

ಮಹಾನಗರ ಯೋಜನಾ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ತಲೆಯಲ್ಲಿ ನರೆ ಇಣುಕಿದ್ದರೂ ಅಕ್ಕನಿಗೂ ಭಾವನಿಗೂ ಮಾತ್ರ ಅವಳು ಪುಟ್ಟಿಯೇ. ಊರಂಚಿನ ಹೊಸ ಬಡಾವಣೆಗಳನ್ನು ನಗರದ ನಡುವಿಗೆ ಜೋಡಿಸುವ ರೈಲುಮಾರ್ಗದ ನಕ್ಷೆ ತಯಾರಾದದ್ದು ಅವಳ ಮೇಜಿನ ಮೇಲೆ. ಅದರ ಗೆರೆ ನೇರವಾಗಿ ಭಾವನ ಅಂಗಡಿಯ ಮೇಲೆಯೇ ಹಾದುಹೋಗಿತ್ತು.

ಭಾವ ಗಾಡಿಗಳ ಸೀಟು ಹೊಲಿಯುವವರು. ಗ್ಯಾರೇಜುಗಳ ಬೀದಿಯಲ್ಲಿ ಅಂಗಡಿ, ಅದರ ಬೆನ್ನಿಗೇ ಮನೆ. ಹಲ್ಲಲ್ಲಿ ದಾರ ಕಚ್ಚಿಕೊಂಡೇ ಹರಟೆ ಹೊಡೆಯುವಷ್ಟು ಮಾತುಗಾರರು. "ನಾನು ಹೊಲಿದ ಸೀಟಿನ ಮೇಲೆ ಕೂತ್ರೆ ಹೆಂಡ್ತಿ ಬೈದಿದ್ದೂ ಮರೆತುಹೋಗತ್ತೆ" ಎಂದು ಅಕ್ಕನಿಗೆ ಕೇಳಿಸುವಂತೆ ಹೇಳುತ್ತಿದ್ದರು.

ಬೀದಿಯವರು ಜಾಗ ಬಿಡುವುದಿಲ್ಲವೆಂದು ಪಟ್ಟು ಹಿಡಿದಾಗ ಮೇಲಧಿಕಾರಿ ಪುಟ್ಟಿಯನ್ನು ಕರೆಸಿ, "ನಿಮ್ಮವರು ಮೊದ್ಲು ಎದ್ರೆ ಉಳಿದವರೂ ಹಿಂದೇನೇ ಏಳ್ತಾರೆ" ಎಂದರು. ಅವಳು ಹೋಗಿ ಭಾವನ ಎದುರು ಕೂತಳು.

"ರೈಲು ಖಂಡಿತ ಬರತ್ತಾ?" ಭಾವ ಕೇಳಿದರು.

"ಬರತ್ತೆ ಭಾವ. ಇದರ ಬದಲು ನಿಮ್ಗೆ ಕೊಡೋ ಹೊಸ ಮನೆ ಪಕ್ಕದಲ್ಲೇ ನಿಲ್ದಾಣ. ಅಂಗಡಿಗೆ ಮಳಿಗೆನೂ ಕೊಡ್ತಾರೆ."

"ನೀನು ಹೇಳಿದ್ಮೇಲೆ ಮುಗೀತು ಬಿಡು."

ಅವಳು ಹೇಳಿದ್ದನ್ನು ಅವಳೇ ಪೂರ್ತಿ ನಂಬಿದ್ದಳು. ಭಾವ ಗಂಟುಮೂಟೆ ಕಟ್ಟಿದ್ದನ್ನು ನೋಡಿ ಉಳಿದವರ ಹಟವೂ ಸಡಿಲಿತು. ಬೀದಿ ಖಾಲಿಯಾದದ್ದೇ ತಡ, ಯಂತ್ರಗಳು ಬಂದು ಗೋಡೆಗಳನ್ನು ನೆಲಸಮ ಮಾಡಿದವು.

ಸಿಕ್ಕ ಮನೆ ಊರಾಚೆಯ ಕಟ್ಟಡದ ಆರನೆಯ ಮಹಡಿಯಲ್ಲಿತ್ತು. ಮಳಿಗೆಗಳಿಗೆ ಪಾಯವನ್ನೂ ತೋಡಿರಲಿಲ್ಲ. ಸೀಟು ಹೊಲಿಸಲು ಅಷ್ಟು ಮೇಲಕ್ಕೆ ಬೈಕು ಹೊತ್ತು ತರುವವರು ಯಾರು? ಹೊಲಿಗೆ ಯಂತ್ರ ಮೂಲೆ ಹಿಡಿಯಿತು. ಕೈಕಟ್ಟಿ ಕೂರಲಾರದೆ ಭಾವ ನಗರದೊಳಗೆ ಬೇರೊಬ್ಬರ ಅಂಗಡಿಯಲ್ಲಿ ಕೂಲಿಗೆ ನಿಂತರು. ಮರಳಿ ಬರುವ ಬಸ್ಸು ಅವರನ್ನು ಹೆದ್ದಾರಿಯ ಆಚೆ ಬದಿಯಲ್ಲಿ ಇಳಿಸುತ್ತಿತ್ತು. ದಾಟಲು ಒಂದು ಕಾಲ್ಸೇತುವೆ ನಕ್ಷೆಯಲ್ಲಿತ್ತು, ನೆಲದ ಮೇಲೆ ಇರಲಿಲ್ಲ. ಒಂದು ಸಂಜೆ ದಾಟುತ್ತಿದ್ದ ಭಾವನಿಗೆ ಲಾರಿ ಬಡಿಯಿತು. ಜನ ಓಡಿಬರುವಷ್ಟರಲ್ಲಿ ಉಸಿರು ನಿಂತಿತ್ತು.

ಆ ದುಃಖ ಇನ್ನೂ ಹಸಿಯಾಗಿರುವಾಗಲೇ ಕಚೇರಿಯಲ್ಲಿ ನಕ್ಷೆ ಬದಲಾಯಿತು. ನಗರ ಬೆಳೆಯಬೇಕಾದದ್ದು ವಿಮಾನ ನಿಲ್ದಾಣದ ಕಡೆಗೆ ಎಂದು ಮೇಲಿನವರು ತೀರ್ಮಾನಿಸಿದರು. ರೈಲುಮಾರ್ಗವೂ ಆ ಕಡೆಗೆ ಹೊರಳಿತು.

ಪುಟ್ಟಿ ಸುದ್ದಿ ತಂದಾಗ ಅಕ್ಕ ಭಾವನ ಅಂಗಿಗಳನ್ನು ಮಡಿಸುತ್ತಿದ್ದಳು.

"ಅಕ್ಕ, ರೈಲು ಈ ಕಡೆ ಬರಲ್ವಂತೆ."

"ಬರಲ್ವಂತೆ ಅಂದ್ರೆ? ಬರತ್ತೆ ಅಂದಿದ್ದು ನೀನೇ ಅಲ್ವಾ?"

"ನಾನೇ."

"ನಮ್ಮ ಅಂಗಡಿ ಜಾಗ?"

"ಕಾರು ನಿಲ್ಲಿಸೋಕೆ ಕೊಡ್ತಾರಂತೆ."

ಅಕ್ಕ ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ಅವ್ರಿದ್ದಿದ್ರೂ ನಿನ್ನ ಬೈತಿರಲಿಲ್ಲ ಬಿಡು" ಎಂದಳು. ತಾನೂ ಬೈಯಲಿಲ್ಲ. ಬೈದಿದ್ದರೆ ಪುಟ್ಟಿಗೆ ಅಷ್ಟರಮಟ್ಟಿಗಾದರೂ ಎದೆ ಹಗುರಾಗುತ್ತಿತ್ತು.

"ಆ ಸೇತುವೆನಾದ್ರೂ ಮಾಡಿಸು" ಎಂದಳು ಅಕ್ಕ ಕೊನೆಗೆ. "ಪಕ್ಕದ ಮನೆ ಬಸುರಿ ಹುಡುಗಿ ದಿನಾ ಅಲ್ಲೇ ದಾಟ್ತಾಳೆ."

ಪುಟ್ಟಿ ಮೇಲಧಿಕಾರಿಯ ಕೋಣೆಗೆ ಹೋದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅದು ರೈಲು ನಿಲ್ದಾಣಕ್ಕೆ ಸೇರಿದ ಸೇತುವೆ, ಮೇಡಂ. ನಿಲ್ದಾಣನೇ ಇಲ್ಲ ಅಂದ್ಮೇಲೆ ಸೇತುವೆಗೆ ಎಲ್ಲಿ ಜಾಗ?" ಹೆದ್ದಾರಿ ಇಲಾಖೆಯವರನ್ನು ಕೇಳಿದರೆ ಯೋಜನಾ ಕಚೇರಿಯ ಕಡೆ ಕೈ ತೋರಿಸಿದರು. ಅಲೆದೂ ಅಲೆದೂ ಅವಳ ಚಪ್ಪಲಿ ಸವೆಯಿತೇ ಹೊರತು ಕೆಲಸವಾಗಲಿಲ್ಲ.

ಅದನ್ನು ಹೇಳಲೆಂದೇ ಅವಳು ಒಂದು ಬೆಳಿಗ್ಗೆ ಅಕ್ಕನ ಮನೆಗೆ ಹೊರಟಳು. ಬಸ್ಸಿಳಿದು ನೋಡಿದರೆ ಹೆದ್ದಾರಿಯ ನಡುವೆ ಅಕ್ಕ. ಹಳದಿ ಟವೆಲು ಬೀಸುತ್ತ, ಬರುವ ಲಾರಿಗಳಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದಳು. ಅವಳ ಹಿಂದೆ ಬಸುರಿಯೂ ಇನ್ನೂ ನಾಲ್ಕಾರು ಜನರೂ ಒಬ್ಬರಿಗೊಬ್ಬರು ಅಂಟಿಕೊಂಡು ದಾಟುತ್ತಿದ್ದರು. ಒಬ್ಬ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಬಾಯಿಗೆ ಬಂದಂತೆ ಬೈದ.

ಪುಟ್ಟಿ ಓಡಿ ರಸ್ತೆಯ ನಡುವಿನ ಕಟ್ಟೆ ಹತ್ತಿ ಅಕ್ಕನ ರಟ್ಟೆ ಹಿಡಿದಳು. "ನಿನ್ಗೇನಾದ್ರೂ ಆದ್ರೆ?"

"ಈ ಬದಿ ನಾನು ನೋಡ್ಕೋತೀನಿ. ಆ ಬದಿಗೆ ಯಾರೂ ಇಲ್ಲ" ಎಂದಳು ಅಕ್ಕ ರಸ್ತೆಯಿಂದ ಕಣ್ಣು ಕೀಳದೆ. "ನಿಲ್ತೀಯಾ, ಕಚೇರಿಗೆ ಹೊತ್ತಾಯ್ತಾ?"

ಪುಟ್ಟಿ ಕೈಚೀಲವನ್ನು ಕಟ್ಟೆಯ ಮೇಲಿಟ್ಟು ಆ ಬದಿಗೆ ಇಳಿದು ಕೈ ಎತ್ತಿದಳು. ಮೊದಲ ಲಾರಿ ನಿಲ್ಲಲಿಲ್ಲ. ಅದರ ಗಾಳಿಗೆ ಅವಳ ಸೆರಗು ಮುಖಕ್ಕೆ ಬಡಿಯಿತು. ಅದರ ಹಿಂದಿನದೂ ನಿಲ್ಲಲಿಲ್ಲ. ಕಟ್ಟೆಗೆ ಒತ್ತಿಕೊಂಡು ಜನ ಕಾಯುತ್ತಲೇ ಇದ್ದರು.