ಆಡಿನ ಮರಿಯ ಕೊರಳಲ್ಲಿ ಕೆಂಪು ಲೇಸು

“ಅಮೃತ ಒಬ್ಬಾಕಿನೇ ಓಡಾಕತ್ತಾಳಂತ ಬೇ! ಕೈಯಾಗ ಹಗ್ಗಾ ಇಲ್ಲ, ಬಾಜೂಕ ಯಾರೂ ಇಲ್ಲ! ಕಣ್ಣ ಕಾಣಲಾರದ ಹುಡುಗಿ ಹೊಲದ ದಾರ್ಯಾಗ ಸುಂಯ್ ಅಂತ ಹೊಂಟಾಳ!”

ಜೇವರ್ಗಿಯಿಂದ ಫರಹೀನ ಫೋನಿನಲ್ಲಿ ಕಿರುಚಿದ ರಭಸಕ್ಕೆ, ಆಳಂದದ ಮನೆಯಲ್ಲಿ ಚಹಾ ಸೋಸುತ್ತಿದ್ದ ಮನೀಷಾ ಅರ್ಧ ಚಹಾವನ್ನು ಕಟ್ಟೆಯ ಮೇಲೆ ಚೆಲ್ಲಿದಳು.

“ಯಾರ್ ಹೇಳಿದ್ರು ನಿನಗ?”

“ನಮ್ಮ ಸಾಲಿ ಗಣಿತ ಮಾಸ್ತರು ಗೊಬ್ಬೂರದವರ ಅದಾರ, ವಿಡಿಯೋ ತೋರ್ಸಿದ್ರು. ಅಮೃತನ ಅಪ್ಪ ಆ ಕಡಿ ನಿಂತು ತಾಟ ಬಡ್ಯಾಕತ್ತಾನ, ಈಕಿ ಆ ಸಪ್ಪಳಾ ಹಿಡದು ಓಡಾಕತ್ತಾಳ. ನೀ ಅಲ್ಲೇ ಚಾ ಕುಡಕೋತ ಕೂಡು!”

ಫರಹೀನ ಈಗ ಪಿ.ಟಿ. ಟೀಚರು. ಒಂದು ಕಾಲಕ್ಕೆ ರಿಲೇಯಲ್ಲಿ ಮನೀಷಾಳ ಕೈಗೆ ಬ್ಯಾಟನ್ ಕೊಡುತ್ತಿದ್ದವಳು. ಮನೀಷಾಳನ್ನು ಓಡಿಸುವ ಜವಾಬ್ದಾರಿ ಇವತ್ತಿಗೂ ತನ್ನದೇ ಎಂದು ತಿಳಿದಿದ್ದಾಳೆ.

ಮನೀಷಾ ಓಡಿದ್ದೇನು ಕಡಿಮೆಯಲ್ಲ. ಆಳಂದದ ಶಾಲೆಯ ಮೈದಾನದಲ್ಲಿ ಬರಿಗಾಲಲ್ಲಿ ಶುರು ಮಾಡಿ, ಹತ್ತೊಂಬತ್ತಕ್ಕೆ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಹಿಡಿದು, ಹನ್ನೊಂದು ವರ್ಷ ನೂರು ಮೀಟರ್ ಓಡಿದವಳು. ಮೂರನೇ ವರ್ಷ ರಾಷ್ಟ್ರೀಯ ಕೂಟದ ಫೈನಲ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅವಳಿಗೆ ಕಂಚು ತಪ್ಪಿತು. ಗೆರೆಯ ಹತ್ತಿರ ಎದೆಯನ್ನು ಮುಂದಕ್ಕೆ ಚಾಚಲಿಲ್ಲ, ಅಷ್ಟೇ ತಪ್ಪು. ಆಮೇಲೆ ಕೋಚು ಬಿಟ್ಟಾರೆಯೇ? ದಿನಕ್ಕೆ ಐವತ್ತು ಸಲ ಎದೆ ಚಾಚಿಸಿದರು. ಈಗ ಬಸ್ಸು ಹತ್ತುವಾಗಲೂ ಇವಳ ಎದೆಯೇ ಮೊದಲು ಹತ್ತುತ್ತದೆ ಎಂದು ಫರಹೀನ ಆಡಿಕೊಳ್ಳುತ್ತಾಳೆ.

ಬಲತೊಡೆಯ ಹಿಂದಿನ ಸ್ನಾಯು ಎರಡು ಸಲ ಹರಿದ ಮೇಲೆ ಮನೀಷಾ ತನ್ನ ಓಟ ನಿಲ್ಲಿಸಿದಳು. ಗೊಬ್ಬೂರಿನ ಅಮೃತಳಿಗೆ ಜೊತೆ ಓಡುವವರು ಬೇಕೆಂದು ಫರಹೀನಳೇ ಗಂಟುಬಿದ್ದಾಗ ರಜೆ ಹಾಕಿ ಊರಿಗೆ ಬಂದಳು. ಅಂಧರ ಓಟದಲ್ಲಿ ಇಬ್ಬರ ಕೈಗೂ ಒಂದೇ ಹಗ್ಗ. ಕಣ್ಣಿದ್ದವಳು ದಾರಿ ಹೇಳುತ್ತ ಪಕ್ಕದಲ್ಲೇ ಓಡಬೇಕು, ಆದರೆ ಗೆರೆಯನ್ನು ಅವಳು ಮೊದಲು ದಾಟುವಂತಿಲ್ಲ. ಮನೀಷಾ ತನ್ನ ಹಳೆಯ ಸ್ಪೈಕ್ ಬೂಟಿನ ಕೆಂಪು ಲೇಸುಗಳನ್ನು ಬಿಚ್ಚಿ ಹೆಣೆದು ಆ ಹಗ್ಗ ಮಾಡಿದ್ದಳು.

ಹೋದ ವಾರ ಬೆಂಗಳೂರಿನಲ್ಲಿ ಆಯ್ಕೆ ಓಟವಿತ್ತು. ಅಮೃತ ಎಲ್ಲರಿಗಿಂತ ಮುಂದಿದ್ದಳು. ಗೆರೆ ಕಂಡದ್ದೇ ತಡ, ಮನೀಷಾಳ ಎದೆ ತಾನಾಗಿ ಚಾಚಿತು. ಅವಳೇ ಮೊದಲು ದಾಟಿದ್ದರಿಂದ ಅಮೃತಳನ್ನು ಓಟದಿಂದಲೇ ತೆಗೆದುಹಾಕಿದರು.

“ಏನಾತ್ರಿ ಅಕ್ಕಾ?” ಎಂದು ಹುಡುಗಿ ಏದುಸಿರಿನಲ್ಲೇ ಕೇಳಿದಳು.

“ಅವರೇ ಏನೋ ತಪ್ಪು ನೋಡ್ಯಾರವ್ವಾ,” ಎಂದುಬಿಟ್ಟಿದ್ದಳು ಮನೀಷಾ.

ಅವತ್ತಿನಿಂದ ಅಮೃತ ಅವಳ ಫೋನ್ ಎತ್ತಿಲ್ಲ. ಇನ್ನು ಇಪ್ಪತ್ತು ದಿನಕ್ಕೆ ಮತ್ತೊಂದು ಆಯ್ಕೆ ಓಟವಿದೆ, ಈ ವರ್ಷದ ಕಡೆಯದು. ಜೊತೆಗೆ ಓಡುವವರಿಲ್ಲದೆ ಹೋದರೆ ಅಮೃತಳನ್ನು ಗೆರೆಯ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ.

ಮನೀಷಾ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಗೊಬ್ಬೂರಿಗೆ ಇಳಿದಾಗ ಮೂರು ಗಂಟೆ. ಹೊಲದ ದಾರಿ ಹಿಡಿಯುತ್ತಲೇ ತಾಟಿನ ಸದ್ದು ಕೇಳಿತು. ತೊಗರಿ ಸಾಲುಗಳ ನಡುವಿನ ಮಣ್ಣುದಾರಿಯ ಕೊನೆಯಲ್ಲಿ ಅಮೃತಳ ಅಪ್ಪ ಅಮೋಘಸಿದ್ದ ಬೆವರುತ್ತ ಬಡಿಯುತ್ತಿದ್ದ. ಅವನ ಪಕ್ಕದಲ್ಲಿ ಒಂದು ಆಡಿನ ಮರಿಯನ್ನು ಗೂಟಕ್ಕೆ ಕಟ್ಟಿದ್ದರು. ಕಟ್ಟಿದ್ದು ಕೆಂಪು ಲೇಸಿನಿಂದ.

“ಬರ್ರಿ ಮೇಡಮ್ಮರ,” ಎಂದು ಅಮೋಘಸಿದ್ದ ಮೆಲ್ಲಗೆ ಅನ್ನುವಷ್ಟರಲ್ಲಿ, ಓಡಿಬಂದು ನಿಂತಿದ್ದ ಅಮೃತ ಸೆರಗಿನಂತೆ ಸುತ್ತಿದ್ದ ಓಢಣಿಯಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು, “ನೀ ಹೇಳಬ್ಯಾಡಪ್ಪಾ, ಬಲಗಾಲ ಎಳಕೋತ ಬಂದಾರಂದ್ರ ಮನೀಷಕ್ಕಾರೇ.”

“ಲೇಸು ಆಡಿಗಿ ಕಟ್ಟೀಯಲ್ಲ ಬೇ,” ಎಂದಳು ಮನೀಷಾ.

“ಆಡು ಜಗ್ಗಿದ್ರ ಜಗ್ಗೇನಿ ಅಂತ ಒದರ್ತದರಿ. ಸುಳ್ಳ ಹೇಳಂಗಿಲ್ಲ.”

ಅಮೃತ ಮನೀಷಾಳ ದನಿ ಬಂದ ಕಡೆಗೆ ಸರಿಯಾಗಿ ತಿರುಗಿ ನಿಂತಳು.

“ಅವತ್ತ ಕಡೀಗಿ ಹಗ್ಗಾ ಮುಂದಕ್ಕ ಜಗ್ಗತು. ಅದಕ್ಕಿಂತ ಮದಲ ಒಮ್ಮಿನೂ ಜಗ್ಗಿದ್ದಿಲ್ಲ. ಗೆರಿ ಹತ್ರ ಏನಾತು, ಹೇಳ್ರಿ.”

ಮಗಳ ಬೆನ್ನ ಹಿಂದೆ ಅಮೋಘಸಿದ್ದ ತಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತುಟಿಯ ಮೇಲೆ ಬೆರಳಿಟ್ಟ. ಬೇಡ ಬೇಡ ಎಂದು ಕೈ ಆಡಿಸಿದ. ಅದೂ ಸಾಲದೆಂದು ಎರಡೂ ಕೈ ಮುಗಿದ.

ಅವತ್ತು ಗೆರೆಯ ಹತ್ತಿರವೇ ನಿಂತು ಎಲ್ಲ ನೋಡಿದ್ದ ಅವನು ಬೇಡುವುದೇನೆಂದು ಮನೀಷಾಳಿಗೆ ತಿಳಿಯಿತು. ತಪ್ಪು ನೋಡಿದವರು ಅವರೇ ಎಂದು ಇನ್ನೊಮ್ಮೆ ಹೇಳಿದರೆ ಮುಗಿಯಿತು. ಬಹುಶಃ ಅಮೃತ ಒಪ್ಪಲೂಬಹುದು. ಆದರೆ ಓಡುವಾಗ ಈ ಹುಡುಗಿ ಹೆಜ್ಜೆ ಇಡುವುದು ತನ್ನ ಮಾತಿನ ಮೇಲೆ. ಎಡಕ್ಕೆ ಎಂದರೆ ಎಡಕ್ಕೆ, ಇನ್ನು ಇಪ್ಪತ್ತು ಮೀಟರ್ ಎಂದರೆ ಇಪ್ಪತ್ತೇ.

“ನಾನೇ ಮದಲ ದಾಟಿದೆ. ಎದಿ ಚಾಚಿದೆ. ಅವರದೇನೂ ತಪ್ಪಿಲ್ಲ. ನಿನ್ನ ಓಟ ನಾ ಕೆಡಸಿದೆ, ಆಮ್ಯಾಲ ಸುಳ್ಳೂ ಹೇಳಿದೆ,” ಎಂದ ಮನೀಷಾ ಒಂದು ಉಸಿರು ಎಳೆದುಕೊಂಡು ಉಳಿದದ್ದನ್ನೂ ಹೇಳಿದಳು. “ಮತ್ತ ನಿಮ್ಮಪ್ಪ ನಿನ್ನ ಹಿಂದ ನಿಂತು, ಹೇಳಬ್ಯಾಡ ಅಂತ ನನಗ ಕೈ ಮುಗ್ಯಾಕತ್ತಾರ.”

ಕಂಕುಳಲ್ಲಿದ್ದ ತಾಟು ಢಣ್ಣೆಂದು ಕೆಳಗೆ ಬಿತ್ತು. ಮರಿ ಬೆದರಿ ಗೂಟ ಸುತ್ತಿತು.

“ಅಪ್ಪಾ!”

“ನಿನ್ನ ಸಲುವಾಗೇ ಯವ್ವಾ! ಖರೇ ಗೊತ್ತಾದ್ರ ನೀ ಇವರ ಜೋಡಿ ಓಡಂಗಿಲ್ಲ. ಇವರಿಲ್ದ ಅವರು ನಿನ್ನ ಓಡಾಕ ಬಿಡಂಗಿಲ್ಲ. ನಾ ಏನ್ ಮಾಡ್ಲಿ?”

“ಖರೇ ನನಗ ಅವತ್ತೇ ಗೊತ್ತಿತ್ತು. ಇವರ ಬಾಯಿಲೆ ಬರ್ತದೇನು ಅಂತ ನೋಡಾಕತ್ತಿದ್ದೆ.” ಅಮೃತ ಮತ್ತೆ ಮನೀಷಾಳ ಕಡೆ ತಿರುಗಿದಳು. “ಎದಿ ಚಾಚೋದು ಬಿಡಾಕ ಆಗ್ತದೇನ್ರಿ ನಿಮಗ?”

“ಗೊತ್ತಿಲ್ಲ. ಎಂಟು ವರ್ಷದ ಚಟಾ.”

“ಚಾಚೋಕಿಂತ ಮದಲ ನೀವು ಉಸರ ಹಿಡೀತೀರಿ. ನನಗ ಕೇಳಸ್ತದ. ಕಡೀ ಹತ್ತ ಹೆಜ್ಜಿಗಿ ನಿಮ್ಮ ಉಸರೇ ಇರಂಗಿಲ್ಲ. ಅಲ್ಲಿಂದ ಜೋರಾಗಿ ಒದರಿಕೋತ ಓಡ್ರಿ ನೋಡೋಣು.”

“ಏನಂತ ಒದರ್ಲಿ?”

“ನಮ್ಮಪ್ಪಗ ಬೈರಿ. ಈಗ ಮಾಡ್ಯಾನಲ್ಲ, ಅದಕ್ಕ.”

ಅಮೋಘಸಿದ್ದ ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು, ಬೈಸಿಕೊಳ್ಳಲು ಅದರಾಚೆ ಹೋಗಿ ನಿಂತ. ಮನೀಷಾ ಚಪ್ಪಲಿ ಬಿಟ್ಟು ಒಬ್ಬಳೇ ಮೂರು ಸಲ ಓಡಿದಳು, “ಏ ಅಮೋಘಸಿದ್ದಣ್ಣಾ, ಕಳ್ಳಾ” ಎಂದು ಒದರುತ್ತ. ಪಕ್ಕದ ಹೊಲದಲ್ಲಿದ್ದ ಇಬ್ಬರು ಹೆಂಗಸರು ಕೆಲಸ ಬಿಟ್ಟು ಬದುವಿಗೆ ಬಂದು ನಿಂತರು.

“ಏನಾತ್ರಿ?” ಎಂದಳು ಅಮೃತ.

“ಮದಲನೇದಕ್ಕ ಚಾಚಿದೆ. ಎರಡನೇದಕ್ಕ ಇಲ್ಲ. ಮೂರನೇದಕ್ಕ ಸ್ವಲ್ಪ ಹೋತು.”

“ಸ್ವಲ್ಪ ಅಂದ್ರ ಎಷ್ಟು?”

“ನಾಕ್ ಬೆರಳು.”

ಅಮೃತ ನಾಲ್ಕು ಬೆರಳನ್ನು ತನ್ನ ಎದೆಯ ಮುಂದೆ ಹಿಡಿದು ಅಳೆದು ನೋಡಿದಳು. ಆಮೇಲೆ ಅಪ್ಪನನ್ನು ಕೂಗಿ, “ಮರಿಗಿ ಬ್ಯಾರೆ ಹಗ್ಗಾ ಹುಡುಕಪ್ಪಾ. ಆ ಲೇಸು ತೊಳದು ಒಣಗ್ಸು,” ಎಂದಳು.

“ಆಡಿನ ವಾಸನಿ ಹೋಗಂಗಿಲ್ಲ ಬೇ ಅದು,” ಎಂದ ಅಮೋಘಸಿದ್ದ.

“ಹೋಗ್ದಿದ್ರ ಛಲೋ ಆತು. ಅಕ್ಕಾರಿಗಿ ನೆಪ್ಪಿರ್ತದ.” ಅವಳು ಓಢಣಿ ಕೊಡವಿ ಹೆಗಲಿಗೆ ಹಾಕಿಕೊಂಡಳು. “ನಾಳಿ ಸಂಜಿ ಐದಕ್ಕ, ಅಫಜಲಪುರ ಗ್ರೌಂಡಿಗಿ ಬರ್ರಿ. ಲೇಸು ನಾ ತರ್ತೇನಿ. ನೀವು ಬೂಟ್ ತರ್ರಿ.”