ಅತ್ತೆಗೆ ಸಮ್ಮೋಹನ ಹತ್ತುವುದಿಲ್ಲ

ನನ್ನ ಸೋದರತ್ತೆಯನ್ನು ಎಂಆರ್‌ಐ ಯಂತ್ರದೊಳಗೆ ಅರ್ಧ ಗಂಟೆ ಅಲುಗಾಡದಂತೆ ಮಲಗಿಸಬೇಕಿತ್ತು. ಕೇಳಲು ಸುಲಭ. ಆದರೆ ಅತ್ತೆ ಆಗಲೇ ಎರಡು ಸಲ ಮಲಗಿ, ಹಲಗೆ ಪೂರ್ತಿ ಒಳಗೆ ಸರಿಯುವ ಮೊದಲೇ ಕೈಯಲ್ಲಿದ್ದ ರಬ್ಬರ್ ಚೆಂಡನ್ನು ಹಿಂಡಿ ಗಂಟೆ ಬಾರಿಸಿ ಎದ್ದು ಬಂದಿದ್ದಳು. ಅವಳಿಗೆ ಉಬ್ಬಸ ಇದ್ದುದರಿಂದ ಮತ್ತಿನ ಮದ್ದು ಕೊಡಲು ಡಾಕ್ಟರು ಒಪ್ಪಿರಲಿಲ್ಲ. ಸ್ಕ್ಯಾನ್ ಮಾಡುವ ಕೆಲಸ ನನ್ನದು. ಹಾಗಾಗಿ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದರು.

ಅತ್ತೆ ಕಾರು ಕಲಿಸುತ್ತಾಳೆ. ಸ್ವಂತ ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕಿನ ಮೇಲೆ ಬಲಗಾಲಿಟ್ಟು ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವಳು. ಈಚೆಗೆ ಆ ಬಲಗಾಲು ಮಂಡಿಯಿಂದ ಕೆಳಗೆ ಜೋಮು ಹಿಡಿಯುತ್ತಿತ್ತು. ಒಂದು ದಿನ, ಎದುರಿಗೆ ಲಾರಿ ನಿಂತಿದ್ದಾಗ, ಕಾಲು ಬ್ರೇಕಿನ ಮೇಲಿದೆಯೋ ಪಕ್ಕದಲ್ಲಿದೆಯೋ ಅತ್ತೆಗೆ ಗೊತ್ತೇ ಆಗಲಿಲ್ಲ. ಕಲಿಯುತ್ತಿದ್ದ ಹುಡುಗಿಯೇ ಹೇಗೋ ನಿಲ್ಲಿಸಿದಳು. ಆವತ್ತಿನಿಂದ ಅತ್ತೆ ಆ ಸೀಟಿನಲ್ಲಿ ಕೂತಿಲ್ಲ. ಬೆನ್ನಿನಲ್ಲಿ ನರ ಎಲ್ಲಿ ಒತ್ತಿಕೊಂಡಿದೆ ಎಂದು ಕಣ್ಣಾರೆ ನೋಡದೆ ಆಪರೇಷನ್ ಮಾತೇ ಬೇಡ ಎಂದಿದ್ದರು ಡಾಕ್ಟರು.

ನಾನೋ, ಆಗಷ್ಟೇ ರಜಾದಿನಗಳಲ್ಲಿ ಹಿಪ್ನಾಟಿಸಂ ಕಲಿತು ಬಂದಿದ್ದೆ! ಒಬ್ಬ ಮನೋವೈದ್ಯರ ತರಗತಿ. ಸಿಕ್ಕವರನ್ನೆಲ್ಲ ಕೂರಿಸಿಕೊಂಡು ಪರೀಕ್ಷೆ ಮಾಡುವ ಹುಚ್ಚು ಹಿಡಿದಿತ್ತು. ಅತ್ತೆಯ ಮನೆಗೆ ಹೋಗಿ, ಎರಡೂ ಕೈಯ ಬೆರಳು ಹೆಣೆದುಕೊಂಡು ಕಣ್ಣು ಮುಚ್ಚಲು ಹೇಳಿದೆ.

"ಅಂಟು ಸುರಿದಿದೀನಿ ಅಂದ್ಕೋ ಅತ್ತೆ. ಗಟ್ಟಿಯಾಗ್ತಾ ಇದೆ, ಗಟ್ಟಿಯಾಗ್ತಾ ಇದೆ... ಈಗ ಬಿಡಿಸೋಕೆ ನೋಡು, ಆಗಲ್ಲ."

ಅತ್ತೆ ಪಟಕ್ಕನೆ ಬಿಡಿಸಿ ಚಪ್ಪಾಳೆ ತಟ್ಟಿದಳು. "ಆಯ್ತೇನೋ ಮಂತ್ರವಾದಿ?"

ಹಿಂದಿನಿಂದ ಮಾವನ ಧ್ವನಿ ಬಂತು. "ಲೇ, ಇದನ್ನ ಬಿಡಿಸ್ರೋ!" ಕನ್ನಡಕ ಹುಡುಕುತ್ತ ಬಂದಿದ್ದ ಮಾವ ಬಾಗಿಲಲ್ಲೇ ನಿಂತು ತಾವೂ ಬೆರಳು ಹೆಣೆದುಕೊಂಡಿದ್ದರು. ಎಳೆಯುತ್ತಿದ್ದಾರೆ, ಬರುತ್ತಿಲ್ಲ.

"ಅವರನ್ನ ಬಿಡಪ್ಪ," ಅಂದಳು ಅತ್ತೆ, "ಟೀವೀಲಿ ಯಾರಾದ್ರೂ ಆಕಳಿಸಿದ್ರೂ ಹೋಗಿ ಮಲಗ್ತಾರೆ. ಮೆತ್ತನೆ ಮನಸ್ಸಿನವರಿಗೆ ಇವೆಲ್ಲ. ನನಗೆ ಹತ್ತಲ್ಲ."

ಹಾಗಲ್ಲ ಅತ್ತೆ, ಮನಸ್ಸು ಗಟ್ಟಿಯೋ ಮೆತ್ತಗೋ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಒಂದರಲ್ಲಿ ಪೂರ್ತಿ ಮುಳುಗಬಲ್ಲವರಿಗೆ ಇದು ಬೇಗ ಆಗುತ್ತೆ ಎಂದು ನಮ್ಮ ಮೇಷ್ಟ್ರು ಹೇಳಿದ್ದನ್ನೆಲ್ಲ ಒದರಿದೆ. ಅವಳು ಮಾವನ ಬೆರಳು ಬಿಡಿಸುವುದರಲ್ಲಿದ್ದಳು.

ಮೂರನೆಯ ಪ್ರಯತ್ನಕ್ಕೆ ಅತ್ತೆ ಬೆಳಿಗ್ಗೆಯೇ ಬಂದಳು. ಇದೂ ಆಗದಿದ್ದರೆ ಸ್ಕೂಲು ಮಾರುತ್ತೇನೆ ಎಂದು ಮಾವನಿಗೆ ಹೇಳಿಯೇ ಬಂದಿದ್ದಳಂತೆ. ಬಟ್ಟೆ ಬದಲಿಸಿ ಮಲಗಿದಳು, ಹೆಡ್‌ಫೋನು ಹಾಕಿದೆ, ಚೆಂಡು ಕೊಟ್ಟೆ, ಸೊಂಟದವರೆಗೆ ಹೊದಿಸಿ, ಹಲಗೆ ಒಳಗೆ ಸರಿಸಿ, ಈಚೆ ಕೋಣೆಗೆ ಬಂದು ಗಾಜಿನ ಹಿಂದೆ ಮೈಕಿನ ಮುಂದೆ ಕೂತೆ. ಪಕ್ಕದಲ್ಲಿ ನಮ್ಮ ಹಿರಿಯ ಟೆಕ್ನಿಷಿಯನ್ ಮೇಡಂ, ತುಟಿಯಂಚಿನಲ್ಲಿ ನಗು.

"ಅತ್ತೆ, ನೀನೊಂದು ತೋಟದಲ್ಲಿದೀಯ. ತಣ್ಣಗೆ ಗಾಳಿ..."

"ಯಾರ ತೋಟ?" ಸ್ಪೀಕರಿನಲ್ಲಿ ಧ್ವನಿ ಗಡುಸಾಗಿತ್ತು. "ಸುಮ್ನೆ ಕೂತು ಏನ್ ಮಾಡ್ಲಿ ಅಲ್ಲಿ? ಮೈ ಪರಚ್ಕೊಳ್ಳೋ ಹಾಗಾಗುತ್ತೆ. ತೆಗಿ, ತೆಗಿ ನನ್ನ!"

"ಒಂದೇ ನಿಮಿಷ!" ಎಂದು ಕೂಗಿದೆ. ಕಲಿತ ಮಾತುಗಳೆಲ್ಲ ತಲೆಯಿಂದ ಹಾರಿಹೋಗಿದ್ದವು. ಬಾಯಿಗೆ ಬಂದದ್ದು ಹೇಳಿದೆ. "ತೋಟ ಬೇಡ. ಕಾರಲ್ಲಿದೀಯ. ನಿನ್ನ ಸೀಟಲ್ಲಿ. ಪಕ್ಕದಲ್ಲಿ ಕಲಿಯೋರು ಕೂತಿದಾರೆ. ಪಾಠ ಶುರು ಮಾಡು, ಮನಸ್ಸಲ್ಲೇ."

ಚೆಂಡು ಹಿಡಿದ ಕೈ ನಿಧಾನವಾಗಿ ಸಡಿಲವಾಯಿತು. ಉಸಿರು ಹದಕ್ಕೆ ಬಂತು. ಯಂತ್ರ ಚಾಲೂ ಮಾಡಿದೆ. ಅದರ ಕುಟ್ಟುವ ಸದ್ದಿಗೆ ಗಟ್ಟಿ ಗುಂಡಿಗೆಯವರೂ ಬೆಚ್ಚುತ್ತಾರೆ, ಅತ್ತೆ ರೆಪ್ಪೆ ಕೂಡ ಅಲುಗಿಸಲಿಲ್ಲ. ನಾನು ಮೇಡಂ ಕಡೆ ತಿರುಗಿ ಹುಬ್ಬು ಹಾರಿಸಿದೆ. ಮೇಡಂ ಪರದೆ ತೋರಿಸಿದರು. ಬೆನ್ನುಮೂಳೆಯ ಅಂಚೆಲ್ಲ ಒದ್ದೆ ಶಾಯಿಯ ಮೇಲೆ ಬೆರಳೆಳೆದಂತೆ ಕಲಸಿಹೋಗಿತ್ತು.

ಗಾಜಿನಾಚೆ ನೋಡಿದೆ. ಹೊದಿಕೆಯ ಕೆಳಗೆ ಅತ್ತೆಯ ಬಲಗಾಲು ಮುಂದಕ್ಕೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಸೊಂಟವೂ ಕದಲುತ್ತಿತ್ತು. ಯಂತ್ರ ನಿಲ್ಲಿಸಿದೆ.

"ಅತ್ತೆ, ಕಾಲು ಅಲ್ಲಾಡಿಸ್ತಿದೀಯ."

"ಇಲ್ಲಪ್ಪ! ಕೊರಡಿನ ಹಾಗೆ ಬಿದ್ದಿದೀನಿ."

"ಬಲಗಾಲು ಅತ್ತೆ. ಬ್ರೇಕ್ ಒತ್ತಿದೆ ನೀನು."

ಜೋಮು ಹಿಡಿದ ಕಾಲು, ತಾನು ಒತ್ತಿದ್ದು ಅವಳಿಗೇ ತಿಳಿದಿರಲಿಲ್ಲ.

"ಒತ್ತಿದ್ನಾ?" ಅಂದಳು ಮೆಲ್ಲಗೆ. "ಏನ್ ಮಾಡ್ಲಿ, ಆ ಹುಡುಗಿ ಮುಂದೆ ನೋಡ್ತಾನೇ ಇಲ್ಲ ಕಣೋ."

"ಯಾವ ಹುಡುಗಿ?"

"ಅದೇ... ಲಾರಿ ದಿನದ ಹುಡುಗಿ."

ಕೈಗೆ ಅಂಟು ಹತ್ತದ ಅತ್ತೆ, ನಾನು ಬರೀ ಕಾರು ಅಂದಿದ್ದಕ್ಕೆ ಆ ರಸ್ತೆಗೇ ಹೋಗಿ ನಿಂತಿದ್ದಳು. ಇದಕ್ಕಿಂತ ಬೇಗ ಯಾರು ಮುಳುಗುತ್ತಾರೆ? ಆದರೆ ಮುಳುಗಿದ ಕಡೆಯಲ್ಲೂ ಕಾಲು ತನ್ನ ಕೆಲಸ ಮಾಡುತ್ತಿತ್ತು. ನನ್ನ ಹಿಪ್ನಾಟಿಸಂ ಗೆದ್ದು ಸ್ಕ್ಯಾನು ಕೆಟ್ಟರೆ ಯಾರಿಗೆ ಬೇಕು ಅದು?

"ಆ ಹುಡುಗೀನ ಇಳಿಸ್ಬಿಡು. ಬ್ರೇಕ್ ಒತ್ತೋದೇ ಬೇಡ ಅನ್ನೋಂಥ ಶಿಷ್ಯರು ಯಾರಿದಾರೆ?"

"ಅಂಥೋರು ಇನ್ನೂ ಹುಟ್ಟಿಲ್ಲ."

"ಮಾವ?"

ಸ್ಪೀಕರು ಒಡೆಯುವ ಹಾಗೆ ನಕ್ಕಳು. "ಈಗಲೇ ಕೊಂದ್ಬಿಡು ನನ್ನ."

"ಹಾಗಾದ್ರೆ ನಾನು ಓಡಿಸ್ತೀನಿ."

ನಗು ನಿಂತಿತು. ನನಗೂ ಕಾರು ಕಲಿಸಿದವಳು ಇವಳೇ. ಲೈಸೆನ್ಸ್ ಬಂದ ಮೇಲೂ ನನ್ನ ಪಕ್ಕ ಕೂತಾಗ, ಬ್ರೇಕೇ ಇಲ್ಲದ ಕಡೆ ಅವಳ ಪಾದ ನೆಲ ಅದುಮುವುದನ್ನು ನೋಡಿದ್ದೇನೆ.

"ನನ್ನ ಕಾರು ಅತ್ತೆ. ನಿನ್ನ ಕಡೆ ಬ್ರೇಕಿಲ್ಲ. ಎರಡೂ ಕಾಲು ಚಾಚಿ ಕೂತ್ಕೋ."

ಅವಳ ಬೆರಳು ಚೆಂಡಿನ ಮೇಲೆ ಬಿಗಿಯಾದವು. ಗಂಟೆ ಬಾರಿಸಿಬಿಡುತ್ತಾಳೆ ಅಂದುಕೊಂಡೆ. ಮೇಡಂ ಕೂಡ ಕುರ್ಚಿಯ ತುದಿಗೆ ಬಂದಿದ್ದರು.

"ಎಲ್ಲಿಗೆ ಕರ್ಕೊಂಡು ಹೋಗ್ತೀಯ?" ಕೇಳಿದಳು.

"ನೀನು ಹೇಳಿದ ಕಡೆ."

ಚೆಂಡಿನ ಮೇಲಿನ ಬೆರಳು ಒಂದೊಂದಾಗಿ ಸಡಿಲವಾದವು. ಆಮೇಲೆ, "ಬೇಡ. ನೀನೇ ಹೋಗು," ಅಂದಳು.

ಯಂತ್ರ ಮತ್ತೆ ಕುಟ್ಟತೊಡಗಿತು. ನಾನು ಇನ್ನೇನೂ ಹೇಳಲಿಲ್ಲ. ಹೊದಿಕೆಯಂಚಿನಲ್ಲಿ ಕಾಣುತ್ತಿದ್ದ ಅವಳ ಪಾದ ಒಮ್ಮೆ ನಡುಗಿತು, ಹೆಬ್ಬೆರಳು ಮುಂದಕ್ಕೆ ಬಾಗಿತು, ಅಲ್ಲೇ ನಿಂತಿತು, ಮತ್ತೆ ಸಡಿಲವಾಗಿ ಪಕ್ಕಕ್ಕೆ ಒರಗಿತು. ಪರದೆಯ ಮೇಲೆ ಚಿತ್ರಗಳು ಬರತೊಡಗಿದವು, ಒಂದರ ಹಿಂದೊಂದು, ಗೆರೆ ಕೊರೆದಷ್ಟು ಸ್ಪಷ್ಟ. ಕೆಳಬೆನ್ನಿನಲ್ಲಿ ಮೂಳೆಗಳ ನಡುವಿನ ಮೆತ್ತೆಯೊಂದು ಹೊರಕ್ಕೆ ಉಬ್ಬಿ ನರವನ್ನು ಮೂಳೆಯ ಗೋಡೆಗೆ ಅದುಮಿಕೊಂಡಿತ್ತು.

"ಇಲ್ಲೇ ಇದೆ ನೋಡು, ಕಳ್ಳ," ಅಂದರು ಮೇಡಂ. ಆಮೇಲೆ ಅಂದರು, "ನೀನು ಮಾಡಿದ್ದು ಹಿಪ್ನಾಟಿಸಂ ಅಲ್ಲ ಕಣೋ. ಮನಸ್ಸನ್ನ ಬೇರೆ ಕಡೆ ಹಚ್ಚಿದೆ, ಅಷ್ಟೇ."

"ಎರಡಕ್ಕೂ ವ್ಯತ್ಯಾಸ ಏನು ಮೇಡಂ?"

ಮೇಡಂ ಚಿತ್ರಗಳನ್ನು ಸೇವ್ ಮಾಡಿದರು. "ಹೋಗಿ ನಿಮ್ಮತ್ತೇನ ಎಬ್ಬಿಸು."

ಎಬ್ಬಿಸುವುದೇನು, ಅತ್ತೆ ಕಣ್ಣು ಬಿಟ್ಟುಕೊಂಡೇ ಹೊರಗೆ ಬಂದಳು. ಮುಖ ಸಿಡುಕಾಗಿತ್ತು.

"ಯಾಕೋ ಅರ್ಧಕ್ಕೇ ನಿಲ್ಲಿಸ್ದೆ? ಈಗ ತಾನೆ ಶುರುವಾಗಿತ್ತು."

"ಪೂರ್ತಿ ಆಯ್ತು ಅತ್ತೆ. ಅರ್ಧ ಗಂಟೆ ಮೇಲಾಯ್ತು. ಚೆನ್ನಾಗಿ ಬಂದಿದೆ, ಡಾಕ್ಟರಿಗೆ ಇನ್ನೇನೂ ಬೇಕಿಲ್ಲ."

ಅತ್ತೆ ಗೋಡೆಯ ಗಡಿಯಾರ ನೋಡಿದಳು. ಎದ್ದು ಕೂತು ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತು, ಹೊದಿಕೆಯ ಅಂಚಿನಿಂದ ಒರೆಸಿಕೊಂಡಳು.

"ಈಗಲಾದ್ರೂ ಒಪ್ಕೋತೀಯಾ, ನಿನಗೂ ಹತ್ತುತ್ತೆ ಅಂತ?"

"ಎಂಥದ್ದೂ ಹತ್ತಿಲ್ಲ. ಆ ಯಂತ್ರ ಕುಟ್ಟೋದೆಲ್ಲ ಕೇಳಿಸ್ತಿತ್ತು ನನಗೆ." ಚಪ್ಪಲಿಗೆ ಕಾಲು ತೂರಿಸುತ್ತ ತಲೆಯೆತ್ತಿದಳು. "ಅದಿರ್ಲಿ, ಕೆರೆ ಪಕ್ಕದ ಇಳಿಜಾರಲ್ಲಿ ಕ್ಲಚ್ ಒತ್ಕೊಂಡೇ ಗಾಡಿ ಬಿಡ್ತೀಯಲ್ಲ, ಯಾರೋ ಹೇಳಿಕೊಟ್ಟಿದ್ದು ನಿನಗೆ? ಜೀವ ಬಾಯಿಗೆ ಬಂದಿತ್ತು."

ನಾನು ಹಿಂದೆಯೇ ಬಂದು ನಿಂತಿದ್ದ ಮೇಡಂ ಕಡೆ ನೋಡಿದೆ. ಮೇಡಂ ಗೋಡೆ ಕಡೆ ನೋಡಿದರು.

"ತಪ್ಪಾಯ್ತು ಅತ್ತೆ," ಅಂದೆ. "ಮತ್ತೆ ನೀನ್ಯಾಕೆ ಬ್ರೇಕ್ ಒತ್ತಲಿಲ್ಲ?"

"ಇದ್ರೆ ತಾನೆ ಒತ್ತೋದು," ಅಂದಳು ಅತ್ತೆ.